ಒತ್ತು ಎಷ್ಟವ, ಮೊದಲ ಹೇಳ್ರಿ

ನನ್ನ ಅಕ್ಕನ ಮಗಳು ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಚಿತ್ರ ಬರೆಯುವ ಹುಚ್ಚು ಚಿಕ್ಕಂದಿನಿಂದಲೂ ಇದೆ. ಮೊದಲು ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದಳು, ಈಗ ಫೋನಿನಲ್ಲಿ ಬರೆಯುತ್ತಾಳೆ. ಅದಕ್ಕೆ ವೆಬ್‌ಕಾಮಿಕ್ ಎನ್ನುತ್ತಾರೆ. ಚಂದಮಾಮ, ಬಾಲಮಿತ್ರ ಓದಿ ಬೆಳೆದ ನಮ್ಮಂಥವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಅದೂ ಚಿತ್ರಕಥೆಯೇ. ಪುಟ ಮಗುಚುವ ಬದಲು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋಗಬೇಕು, ಕಥೆ ಬಾವಿಯೊಳಗಿನ ಮೆಟ್ಟಿಲಿನಂತೆ ಕೆಳಕೆಳಗೆ ಇಳಿಯುತ್ತದೆ.

ಅವಳ ಕಥೆಯ ಹೆಸರು 'ಜಗತ್ ಸರ್ಕಲ್'. ಬಸ್ಸಿನಿಂದ ಇಳಿದ ಮೂವರು ಹುಡುಗಿಯರು, ಆ ವೃತ್ತದಲ್ಲಿ ದಿನವೂ ನಡೆಯುವ ಧರಣಿ, ಮೆರವಣಿಗೆ, ಜಯಂತಿ, ಕಬ್ಬಿನ ಹಾಲಿನ ಗಾಡಿ, ಬಿಸಿಲು. ಕಲಬುರಗಿಯಲ್ಲಿ ಯಾರಿಗೆ ಏನು ಸಿಟ್ಟು ಬಂದರೂ ಮೊದಲು ಬಂದು ನಿಲ್ಲುವುದು ಜಗತ್ ವೃತ್ತದಲ್ಲೇ. ಆದ್ದರಿಂದ ಕಥೆಗೆ ಬರವಿಲ್ಲ. ಎಂಟು ಕಂತು ಬರೆದು ಮುಗಿಸಿದ್ದಾಳೆ.

"ಮಾಮಾ, ಕತಿ ಎಂಟು ಕಂತು ಆದ್ವು. ಬ್ಯಾನರ್ ಒಂದು ಆಗವಲ್ದು ನೋಡ್ರಿ" ಎಂದು ಒಂದು ರವಿವಾರ ಫೋನು ಹಿಡಿದು ಬಂದಳು.

ನನಗೆ ನಗು ಬಂತು. ಎಂಟು ಕಂತು ಬರೆದವಳಿಗೆ ಒಂದು ಹೆಸರುಪಟ್ಟಿ ಬರೆಯಲು ಏನು ಕಷ್ಟ? ಆ ನಗು ಹದಿನೈದು ದಿನ ಉಳಿಯಲಿಲ್ಲ.

ಬ್ಯಾನರ್ ಎಂಬ ಮಾತು ನಮ್ಮಲ್ಲಿ ಮೂರು ಕಡೆ ಬದುಕಿದೆ. ಸಿನಿಮಾ ಮಂದಿಗೆ ಅದು ಸಂಸ್ಥೆ. "ಯಾವ ಬ್ಯಾನರ್ ಪಿಚ್ಚರ್?" ಅಂದರೆ ದುಡ್ಡು ಹಾಕಿದವರು ಯಾರು ಎಂದು. ಹೋರಾಟದ ಮಂದಿಗೆ ಮೆರವಣಿಗೆಯ ಮುಂದೆ ಇಬ್ಬರು ಎರಡು ತುದಿ ಹಿಡಿದು ನಡೆಯುವ ಬಟ್ಟೆ. ಮಿಕ್ಕವರಿಗೆಲ್ಲ ಫ್ಲೆಕ್ಸು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು, ಬ್ಯಾನರೂ ಇತ್ತು. ಪಟ್ಟಿ ಪಟ್ಟಿಯಾಗಿಯೇ ಉಳಿಯಿತು, ಧುರೀಣರು ಹುಟ್ಟುವುದು ನಿಲ್ಲಲಿಲ್ಲ, ಅವರ ಹುಟ್ಟುಹಬ್ಬಗಳೂ ನಿಲ್ಲಲಿಲ್ಲ.

ಹುಡುಗಿ ತಂದು ತೋರಿಸಿದ ಮೊದಲ ಬ್ಯಾನರು ಅಚ್ಚು ಹುಟ್ಟುಹಬ್ಬದ ಫ್ಲೆಕ್ಸೇ ಆಗಿತ್ತು. ನಡುವೆ ಕಥಾನಾಯಕಿ ಎದೆಯ ತನಕ. ಅಕ್ಕಪಕ್ಕ ಗೆಳತಿಯರು ಒಂದಷ್ಟು ಚಿಕ್ಕದಾಗಿ. ಕೆಳಗೆ ಕಬ್ಬಿನ ಹಾಲಿನವ, ಕಂಡಕ್ಟರ್, ಪ್ರಿನ್ಸಿಪಾಲರು, ಬೀದಿನಾಯಿ ಎಲ್ಲರೂ ಗುಂಡು ಚೌಕಟ್ಟಿನೊಳಗೆ ಪಾಸ್‌ಪೋರ್ಟ್ ಅಳತೆಯಲ್ಲಿ ಸಾಲಾಗಿ. ಹೆಸರಿಗೆ ಬಂಗಾರದ ಬಣ್ಣ, ಅದಕ್ಕೊಂದು ನೆರಳು, ನೆರಳಿಗೊಂದು ಹೊಳಪು. ಅವಳನ್ನು ಅಂದು ಪ್ರಯೋಜನವಿಲ್ಲ. ಕಣ್ಣು ಬಿಟ್ಟಾಗಿನಿಂದ ಅವಳು ನೋಡಿದ ವಿನ್ಯಾಸ ಅದೊಂದೇ. ಜಗತ್ ವೃತ್ತದಲ್ಲಿ ನಿಂತು ನಾಲ್ಕೂ ದಿಕ್ಕಿಗೆ ತಲೆ ತಿರುಗಿಸಿದರೆ ಕಾಣುವ ಪಠ್ಯಪುಸ್ತಕವೂ ಅದೇ.

ಆದರೆ ಫ್ಲೆಕ್ಸು ಇಪ್ಪತ್ತು ಅಡಿ ಇರುತ್ತದೆ. ಫೋನಿನ ಪರದೆ ಒಂದು ಗೇಣೂ ಇಲ್ಲ. ಇಪ್ಪತ್ತು ಅಡಿಯಲ್ಲಿ ಸೊಗಸಾಗಿ ಕಾಣುವ ಬೀದಿನಾಯಿ ಇಲ್ಲಿ ಒಂದು ಕಾಳು ಎಳ್ಳಿನಷ್ಟಾಗಿತ್ತು.

ಬ್ಯಾನರಿನ ಆಕಾರವೇ ಒಂದು ತಕರಾರು. ಅಂತರ್ಜಾಲದಲ್ಲಿ ಜಾಹೀರಾತಿನ ಮೊದಲ ಬ್ಯಾನರು ಕಾಣಿಸಿಕೊಂಡದ್ದು 1994ರ ಅಕ್ಟೋಬರಿನಲ್ಲಿ, ಅಮೆರಿಕದ ಹಾಟ್‌ವೈರ್ಡ್ ಎಂಬ ತಾಣದಲ್ಲಿ. ಅಗಲ 468 ಪಿಕ್ಸೆಲ್, ಎತ್ತರ 60. ಪಿಕ್ಸೆಲ್ ಅಂದರೆ ಪರದೆಯ ಒಂದು ಚುಕ್ಕಿ. ಎತ್ತರಕ್ಕಿಂತ ಸುಮಾರು ಎಂಟು ಪಟ್ಟು ಅಗಲದ ಆ ಪಟ್ಟಿ ಮುಂದೆ ಎಷ್ಟೋ ವರ್ಷ ಎಲ್ಲರ ಅಳತೆಗೋಲಾಯಿತು. ಈಗ ಅಳತೆಗಳು ಬದಲಾಗಿವೆ, ಸ್ವಭಾವ ಬದಲಾಗಿಲ್ಲ. ಯೂಟ್ಯೂಬ್ ಚಾನೆಲ್ಲಿನ ನೆತ್ತಿಗೆ ಹಾಕುವ ಚಿತ್ರ ಕಡಿಮೆಯೆಂದರೂ 2048×1152 ಇರಬೇಕು ಎನ್ನುತ್ತಾರೆ. ಆದರೆ ಫೋನು, ಕಂಪ್ಯೂಟರು, ಟೀವಿ ಮೂರರಲ್ಲೂ ತಪ್ಪದೆ ಕಾಣುವುದು ನಡುವಿನ 1235×338 ಮಾತ್ರ. ಅಂದರೆ ಒಂದು ಜಮಖಾನೆ ನೇಯಿಸಿಕೊಂಡು ಅದರ ನಡುವಿನ ಪಟ್ಟೆಯನ್ನಷ್ಟೇ ಹಾಸುವುದು. ಕೊರಿಯಾದಿಂದ ಬಂದ ವೆಬ್‌ಟೂನ್ ಪದ್ಧತಿಯಲ್ಲಿ ಕಥೆಯ ಅಗಲ 800 ಪಿಕ್ಸೆಲ್, ಉದ್ದಕ್ಕೆ ಲೆಕ್ಕವಿಲ್ಲ. ಕಥೆ ಎಷ್ಟು ಬೇಕಾದರೂ ಕೆಳಗಿಳಿಯಬಹುದು, ಹೆಸರು ಮಾತ್ರ ಅಡ್ಡಪಟ್ಟಿಯಲ್ಲೇ ಕೂರಬೇಕು.

ಈ ಅಡ್ಡಪಟ್ಟಿ ಯಾರ ಅಕ್ಷರಕ್ಕಾಗಿ ಹುಟ್ಟಿತು ಎಂದು ಯೋಚಿಸಿದರೆ ಸಾಕು. ರೋಮನ್ ದೊಡ್ಡಕ್ಷರಗಳು ಇಟ್ಟಿಗೆಯಂಥವು. ಎಲ್ಲವೂ ಒಂದೇ ಎತ್ತರ, ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಭರ್ತಿ. ಕನ್ನಡ ಹಾಗಲ್ಲ. ಹಳೆಯ ಮನೆಗಳ ಕೆಳಗೆ ಕಾಳು ತುಂಬಲು ಹಗೇವು ಇರುತ್ತಿತ್ತಲ್ಲ, ಹಾಗೆ ನಮ್ಮ ಅಕ್ಷರಗಳ ಕೆಳಗೂ ಒಂದು ಹಗೇವು ಇದೆ. ಒತ್ತುಗಳು ಅಲ್ಲಿ ಇಳಿಯುತ್ತವೆ. ಮೇಲೆ ಗುಡಿಸು, ಏತ್ವಗಳಿಗೆ ಒಂದಿಷ್ಟು ಜಾಗ. 60 ಚುಕ್ಕಿ ಎತ್ತರದ ಪಟ್ಟಿಯಲ್ಲಿ ಅಂಚು ಬಿಟ್ಟು, ತಲೆಗೆ ಬಿಟ್ಟು, ಒತ್ತಿಗೆ ಬಿಟ್ಟು ನೋಡಿ. ನನ್ನ ಅಂದಾಜಿನಲ್ಲಿ ನಿಜವಾದ ಅಕ್ಷರಕ್ಕೆ ಸಿಗುವುದು ಅರ್ಧ. ಇಂಗ್ಲಿಷ್ ಹೆಸರು ಪಟ್ಟಿಯ ತುಂಬ ಗರ್ಜಿಸುವಲ್ಲಿ ಕನ್ನಡದ ಹೆಸರು ಮೂಲೆಯಲ್ಲಿ ಕೆಮ್ಮುತ್ತದೆ. ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೂ ಇಲ್ಲ, ದನಿ ಏರಿಸಲು ಇನ್ನೊಂದು ದಾರಿ ಇಲ್ಲ.

ಅವಳನ್ನು ಕರೆದುಕೊಂಡು ಜಗತ್ ಹತ್ತಿರದ ಒಂದು ಓಣಿಗೆ ಹೋದೆ. ಅಲ್ಲಿ ನನಗೆ ಮೂವತ್ತು ವರ್ಷದಿಂದ ಗೊತ್ತಿರುವ ಒಬ್ಬ ಹಿರಿಯ ಪೇಂಟರ್ ಇದ್ದಾರೆ. ಕನ್ನಡ, ಉರ್ದು, ಮರಾಠಿ, ಇಂಗ್ಲಿಷ್ ನಾಲ್ಕರಲ್ಲೂ ಬೋರ್ಡು ಬರೆದ ಕೈ. ಈಗ ಹೆಚ್ಚಾಗಿ ಟ್ಯಾಂಕರು, ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಬರೆಯುತ್ತಾರೆ. ಬೋರ್ಡಿನ ಕೆಲಸವನ್ನೆಲ್ಲ ಫ್ಲೆಕ್ಸಿನ ಮಷೀನು ತಿಂದುಹಾಕಿದೆ. ಹುಡುಗಿ ಫೋನು ತೆರೆದು ಕಥೆ ತೋರಿಸಿ, ಪಾತ್ರಗಳನ್ನು ಪರಿಚಯಿಸಿ, ಇಂಥ ಬ್ಯಾನರು ಬೇಕೆಂದು ವಿವರಿಸುವುದನ್ನು ಅವರು ಬೀಡಿ ಕೈಯಲ್ಲಿ ಹಿಡಿದು ಕೇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಒತ್ತು ಎಷ್ಟವ, ಮೊದಲ ಹೇಳು ಬೇಟಾ. ಚಿತ್ರ ಆಮ್ಯಾಲ."

ಅವರ ಕೆಲಸದ ಕ್ರಮ ನನಗೆ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ತಗಡಿನ ಮೇಲೆ ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಟಪ್ ಎಂದು ಬಿಟ್ಟರೆ ಬಿಳಿ ಗೆರೆ ಬೀಳುತ್ತದೆ. ಇಂಗ್ಲಿಷಿಗೆ ಎರಡು ಗೆರೆ. ಕನ್ನಡಕ್ಕೆ ಮೂರು: ತಲೆಕಟ್ಟಿಗೊಂದು, ಪಾದಕ್ಕೊಂದು, ಒತ್ತಿನ ತಳಕ್ಕೊಂದು. ಹೆಸರಿನಲ್ಲಿ ಒತ್ತೇ ಇಲ್ಲದಿದ್ದರೆ ಮೂರನೆಯ ಗೆರೆ ಬೇಕಿಲ್ಲ, ಅಕ್ಷರ ಅಷ್ಟೇ ದೊಡ್ಡದಾಗುತ್ತದೆ. ಹತ್ತು ಅಕ್ಷರದ ಹೆಸರಿನಲ್ಲಿ ಒಂದೇ ಒಂದು ಒತ್ತಿದ್ದರೂ ಅದೊಂದಕ್ಕಾಗಿ ಉಳಿದ ಒಂಬತ್ತು ಅಕ್ಷರಗಳು ಕುಗ್ಗಬೇಕು. ಮೊದಲೆಲ್ಲ ಅಕ್ಷರಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಿದ್ದರಂತೆ. ಒತ್ತನ್ನು ಅಕ್ಷರವೆಂದು ಎಣಿಸಬೇಕೋ ಬೇಡವೋ ಎಂದು ಗಿರಾಕಿಗಳ ಜೊತೆ ಜಗಳ. 'ರಾಷ್ಟ್ರೀಯ' ಎಂದು ಬರೆಸಲು ಬಂದವರನ್ನು ಕಂಡರೆ ಇವರಿಗೆ ಆಗುತ್ತಿರಲಿಲ್ಲ. ಅಲ್ಲಿ ಒತ್ತಿಗೂ ಒಂದು ಒತ್ತು.

"ಉರ್ದು ಮ್ಯಾಲಿಂದ ಜಾರ್ತದ, ಕನ್ನಡ ಕೆಳಗ ಜೋತು ಬೀಳ್ತದ. ಇಂಗ್ಲಿಷ್ ಒಂದೇ ನೋಡ್ರಿ, ಹೇಳಿದಲ್ಲಿ ಕುಂದರ್ತದ" ಎಂದರು. ನಾಲ್ಕು ಲಿಪಿಗಳ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾವ ವಿದ್ವಾಂಸರೂ ಹೇಳಿದ್ದನ್ನು ನಾನು ಓದಿಲ್ಲ. (ಮರಾಠಿಯನ್ನು ಬಿಟ್ಟರಲ್ಲ ಎಂದರೆ, "ಅದು ದಾರಕ್ಕ ಅರಿವಿ ಒಣಗಹಾಕಿದಂಗ" ಎಂದರು.)

ಮನೆಗೆ ಬಂದು ನಾನು ಕನ್ನಡ ಪತ್ರಿಕೆಗಳ ಹೆಸರುಗಳನ್ನು ಈ ಕಣ್ಣಿನಿಂದ ನೋಡತೊಡಗಿದೆ. ಚಂದಮಾಮ, ಸುಧಾ, ಮಯೂರ, ತುಷಾರ, ತರಂಗ, ಉದಯವಾಣಿ, ವಿಜಯವಾಣಿ. ಒಂದರಲ್ಲೂ ಕೆಳಗಿಳಿಯುವ ಒತ್ತಿಲ್ಲ! ಹೆಸರಿಟ್ಟವರು ಇದನ್ನು ಎಣಿಸಿ ಇಟ್ಟರೆಂದು ನಾನು ಹೇಳಲಾರೆ. ಆದರೆ ಕಿವಿಗೆ ಹಗುರಾಗಿರುವ ಹೆಸರು ಕಣ್ಣಿಗೂ ಹಗುರಾಗಿರುತ್ತದೆ ಎಂಬುದು ಸುಳ್ಳಲ್ಲ. ಒತ್ತು ಇರುವ ಹೆಸರುಗಳೂ ಇವೆ. 1948ರಲ್ಲಿ ಶುರುವಾದ ಪ್ರಜಾವಾಣಿಗೆ ಮೊದಲ ಅಕ್ಷರದಲ್ಲೇ ಒತ್ತು. ಕಸ್ತೂರಿಗೆ ನಡುವೆ. ಕನ್ನಡಪ್ರಭಕ್ಕೆ ಎರಡು. ನಮ್ಮ ಭಾಷೆಯ ಹೆಸರಿನಲ್ಲೇ 'ನ್ನ' ಇದೆ, ಅದನ್ನು ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು? ಆದರೆ ನಾಡಿನ ಹೆಸರು ನೋಡಿ: ಕರ್ನಾಟಕ. ಅಲ್ಲಿ ಒತ್ತಿನ ಬದಲು ಅರ್ಕಾವೊತ್ತು ಬಂದು ಪಕ್ಕದಲ್ಲಿ ಕೂತಿದೆ, ಕೆಳಗಿನ ಜಾಗ ಖಾಲಿ.

ನಮ್ಮೂರಿನದೇ ಉದಾಹರಣೆ ಇನ್ನೂ ಚೆನ್ನಾಗಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಬದಲಾದಾಗ ಗುಲ್ಬರ್ಗಾ ಕಲಬುರಗಿಯಾಯಿತು. ಚರಿತ್ರೆ, ಅಭಿಮಾನ, ಉಚ್ಚಾರ ಎಲ್ಲದರ ಬಗ್ಗೆ ಚರ್ಚೆಯಾಯಿತು. ಗುಲ್ಬರ್ಗಾದಲ್ಲಿ ಒಂದು ಒತ್ತು, ಒಂದು ಅರ್ಕಾವೊತ್ತು ಇದ್ದವು, ಕಲಬುರಗಿಯಲ್ಲಿ ಎರಡೂ ಇಲ್ಲ ಎಂಬುದನ್ನು ಗಮನಿಸಿದ್ದು ಬೋರ್ಡು ಬರೆಯುವವರು ಮಾತ್ರ. ಐದು ಅಕ್ಷರ, ಐದೂ ಒಂದೇ ಪಾದಗೆರೆಯ ಮೇಲೆ, ರೈಲು ಡಬ್ಬಿಗಳಂತೆ. ಕಮಲಾಪುರವೂ ಹಾಗೆಯೇ. ಅಲ್ಲಿನ 'ಪು' ಒಂದನ್ನು ಜೋಪಾನವಾಗಿ ಬರೆಯಬೇಕು ಅಷ್ಟೇ. ಪು, ವು ಎರಡರ ಕೊಂಬು ಉಳಿದ ಅಕ್ಷರಗಳಂತೆ ಪಕ್ಕಕ್ಕೆ ಹೋಗದೆ ಕೆಳಗಿನಿಂದ ಸುತ್ತಿಕೊಳ್ಳುತ್ತದೆ. ಪಕ್ಕಕ್ಕೆ ಹೋದರೆ 'ವು' ಹೋಗಿ 'ಮ' ಆದೀತು.

ಇನ್ನು ನಮ್ಮ 'ಜಗತ್ ಸರ್ಕಲ್'. ಕೆಳಗಿಳಿಯುವ ಒತ್ತು ಇಲ್ಲ, ಸರಿ. ಆದರೆ ಕಷ್ಟ ಬೇರೆ ಕಡೆ ಇದೆ. ಎರಡೂ ಮಾತು ಅರ್ಧಾಕ್ಷರದಲ್ಲಿ ನಿಂತಿವೆ: ತ್, ಲ್. ಕನ್ನಡದ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಜಗತ್ತು ಎಂದು ಹೇಳಿ ಬಾಯಿ ಮುಚ್ಚುವವರು ನಾವು. ಜಗತ್ ಎಂದು ನಿಲ್ಲಿಸಿದರೆ ಅಕ್ಷರದ ಬಲಭುಜದ ಮೇಲೆ ಒಂದು ಕೊಕ್ಕೆ ಏಳುತ್ತದೆ. ಆ ಕೊಕ್ಕೆ ಎರಡು ಕಡೆ ಎದ್ದರೆ ಇಡೀ ಹೆಸರು ಬಲಕ್ಕೆ ಓಡಿಹೋಗುವಂತೆ ಕಾಣುತ್ತದೆ. ಚಿಕ್ಕ ಪರದೆಯಲ್ಲಿ ಕೊಕ್ಕೆ ಮಾಯವಾಗಿ ಗುಡಿಸೋ, ದೀರ್ಘವೋ, ಧೂಳೋ ಎಂಬ ಅನುಮಾನ ಉಳಿಯುತ್ತದೆ. ಚಿಕ್ಕದಾದರೆ ಕನ್ನಡದಲ್ಲಿ ಮೊದಲು ಸಾಯುವವು ಇಂಥ ಸಣ್ಣ ಗುರುತುಗಳೇ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ವ್ಯತ್ಯಾಸವೆಲ್ಲ ಕೆಳಗಿನ ಒಂದು ಸೀಳಿನಲ್ಲಿದೆ. ಅಕ್ಷರ ದಪ್ಪ ಮಾಡಿದರೆ ಸೀಳು ಮುಚ್ಚಿ ಧನ ದನವಾಗುತ್ತದೆ.

ನಡುವೆ 'ರ್ಕ'. ಇದರ ಕಥೆ ಸ್ವಾರಸ್ಯದ್ದು. ಉಚ್ಚಾರದಲ್ಲಿ ರ್ ಮೊದಲು, ಬರಹದಲ್ಲಿ ಆಮೇಲೆ. ಇದೇ ಕಾರಣಕ್ಕೆ ಟೈಪು ಮಾಡುವ ಎಷ್ಟೋ ಮಂದಿ ಇಂದಿಗೂ ಒಂಬತ್ತರ ಅಂಕಿಯನ್ನು ಒತ್ತಿ ಅರ್ಕಾವೊತ್ತು ಎಂದು ಸಾಗಹಾಕುತ್ತಾರೆ. ಎರಡೂ ನೋಡಲು ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆಬೇರೆ. ಅರ್ಕಾವೊತ್ತಿಗೆ ಬದಲಿಯೂ ಇದೆ: ರ ಬರೆದು ಅದರ ಕೆಳಗೆ ಕ ಒತ್ತು ಕೊಡುವುದು, ಸರ‍್ಕಲ್ ಎಂದು. 'ಎಲ್ಲರ ಕನ್ನಡ'ದ ಬಳಗದವರು ಹೀಗೇ ಬರೆಯುತ್ತಾರೆ. ಯುನಿಕೋಡಿನಲ್ಲಿ ಇದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ಸೇರಿಸಬೇಕು. ವ್ಯಾಕರಣದ ಜಗಳ ಹಾಗಿರಲಿ, ಬ್ಯಾನರು ಬರೆಯುವವರಿಗೆ ಇದೊಂದು ವರ. ಅರ್ಕಾವೊತ್ತು ಅಗಲವನ್ನು ತಿನ್ನುತ್ತದೆ, ಒತ್ತು ಎತ್ತರವನ್ನು ತಿನ್ನುತ್ತದೆ. ಅಡ್ಡಪಟ್ಟಿಯಲ್ಲಿ ಅಗಲ ಧಾರಾಳವಾಗಿದೆ, ಅರ್ಕಾವೊತ್ತು ಬರೆಯಿರಿ. ಅದೇ ಹೆಸರನ್ನು ಚೌಕಾಕಾರದ ಪುಟ್ಟ ಗುರುತಿನೊಳಗೆ ಕೂರಿಸಬೇಕಾದಾಗ ಒತ್ತಿನ ದಾರಿ ಹಿಡಿಯಬಹುದು. ಇಂಗ್ಲಿಷಿನವರಿಗೆ ಈ ಸವಲತ್ತು ಎಲ್ಲಿದೆ?

ಇಷ್ಟೆಲ್ಲ ತಿಳಿದ ಮೇಲೆ ಕಂಪ್ಯೂಟರಿನ ಮುಂದೆ ಕೂತೆವು. ಆ ಪುರಾಣವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಿಂದಲೇ ಜಾಗವಿದೆ. ಆದರೂ ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಟೈಪು ಮಾಡಿದರೆ 'ಸರ್ಕಲ್' ಎಂಬುದು ಸ, ರ್, ಕ, ಲ್ ಎಂದು ಬಿಡಿಬಿಡಿಯಾಗಿ, ಜಗಳವಾಡಿದ ಅಣ್ಣತಮ್ಮಂದಿರಂತೆ ನಿಲ್ಲುತ್ತದೆ. ಹೊಸ ಆವೃತ್ತಿಯಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಇರುವ ಒಂದು ಆಯ್ಕೆಯನ್ನು ಹುಡುಕಿ ಗುಂಡಿ ಒತ್ತಬೇಕು. ಇದನ್ನು ಹೇಳುವವರು ಕಡಿಮೆ. ಡಿಟಿಪಿ ಅಂಗಡಿಗಳವರು ಈ ಗೋಜಲೇ ಬೇಡವೆಂದು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಕೋರೆಲ್ ಡ್ರಾ ಹಿಡಿದು ಕೆಲಸ ಮುಗಿಸುತ್ತಾರೆ. ಅಲ್ಲಿ ಒತ್ತು ಸರಿಯಾಗಿ ಕೂರುತ್ತದೆ, ಆದರೆ ಅದೇ ಬರಹವನ್ನು ನಕಲು ಮಾಡಿ ಫೋನಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಇನ್ನು ಬಿಟ್ಟಿ ಸಿಗುವ ಫಾಂಟುಗಳು: ಬಾಲೂ ತಮ್ಮ, ಅಕಾಯ ಕನಡಕ, ಬೆಣ್ಣೆ, ಹುಬ್ಬಳ್ಳಿ. ಚೆನ್ನಾಗಿವೆ. "ಹುಬ್ಬಳ್ಳಿ ಹೆಸರಿಂದು ಅದ, ನಮ್ಮೂರ ಹೆಸರಿಂದು ನಂಗಂತೂ ಸಿಗಲಿಲ್ಲ" ಎಂದು ಹುಡುಗಿಯ ದೂರು. ನನ್ನ ದೂರು ಬೇರೆ. ಫಾಂಟಿನ ಒಳ್ಳೆಯ ಗುಣವೇ ಬ್ಯಾನರಿಗೆ ಮುಳ್ಳು. ಸಾವಿರ ಸಾಲು ಬರೆಯಲು ಹುಟ್ಟಿದ ಫಾಂಟಿನಲ್ಲಿ ಪ್ರತಿ 'ಕ'ವೂ ಇನ್ನೊಂದು 'ಕ'ದಂತೆಯೇ ಇರಬೇಕು. ಬ್ಯಾನರಿನಲ್ಲಿ ಇರುವುದು ಒಂದೇ 'ಕ'. ಅದು ಬೇರೆ ಯಾವುದರಂತೆಯೂ ಇರಬಾರದು.

2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾದಾಗ ಏನಾಯಿತೆಂದು ಎಲ್ಲರೂ ಕಂಡಿದ್ದೇವೆ. ಜಾಗ ತುಂಬಿಸಲು ಮೌಸಿನಿಂದ ಅಕ್ಷರದ ಕಿವಿ ಹಿಡಿದು ಎಳೆದರು. ಅಡ್ಡಕ್ಕೆ ಎಳೆದಾಗ ಅಕ್ಷರದ ನಿಂತ ಗೆರೆ ದಪ್ಪವಾಯಿತು, ಮಲಗಿದ ಗೆರೆ ತೆಳ್ಳಗೇ ಉಳಿಯಿತು, ಸೊನ್ನೆ ಮೊಟ್ಟೆಯಾಯಿತು, ಒತ್ತು ಚಪ್ಪಲಿಯಾಯಿತು. ಶೇಕಡಾವಾರು ಸರಿಯಿತ್ತು, ಕನ್ನಡ ಸೊಟ್ಟಗಿತ್ತು.

ಚಿತ್ರದ ಪಕ್ಕ ಅಕ್ಷರ ಇಡುವ ಚಾಳಿ ನಮ್ಮ ಜಿಲ್ಲೆಗೆ ಹೊಸದಲ್ಲ. ಸನ್ನತಿಯ ಹತ್ತಿರ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಸಿಕ್ಕ ಕಲ್ಲಿನ ಫಲಕವೊಂದರಲ್ಲಿ ಒಬ್ಬ ಅರಸ ನಿಂತಿದ್ದಾನೆ, ಜೊತೆಗೇ ಬ್ರಾಹ್ಮಿ ಲಿಪಿಯಲ್ಲಿ ಅರಸ ಅಶೋಕ ಎಂಬರ್ಥದ ಚಿಕ್ಕ ಬರಹವಿದೆ. ಅಶೋಕನ ಚಿತ್ರ ಇದೇ ಎಂದು ನಾವು ಧೈರ್ಯವಾಗಿ ಹೇಳುವುದು ಆ ಅಂಗೈಯಗಲದ ಬರಹದ ಬಲದಿಂದ. ಅಲ್ಲಿನ ಬೇರೆ ಫಲಕಗಳಿಗೂ ಇಂಥ ಹೆಸರುಚೀಟಿಗಳಿವೆ. ಚೌಕಟ್ಟು, ಚಿತ್ರ, ಹೆಸರು, ಮುಂದಿನ ಚೌಕಟ್ಟು. ಇದನ್ನು ಕಾಮಿಕ್ ಎನ್ನದೆ ಏನನ್ನಬೇಕು?

ಬ್ಯಾನರಿನ ದೊಡ್ಡ ಮೇಷ್ಟ್ರು ಹುಟ್ಟಿದ್ದೂ ನಮ್ಮ ಕಲಬುರಗಿಯಲ್ಲೇ. 1916ರಲ್ಲಿ ಇಲ್ಲಿ ಜನಿಸಿದ ಎಸ್.ಎಂ. ಪಂಡಿತರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪ್ರಚಾರದ ಚಿತ್ರಕಲೆಯಲ್ಲಿ ಹೆಸರಾದರು. ಮೆಟ್ರೋ ಚಿತ್ರಮಂದಿರದಲ್ಲಿ ಇಡುತ್ತಿದ್ದ ಎಂಜಿಎಂ ಚಿತ್ರಗಳ ಶೋಕಾರ್ಡುಗಳು, ಬಾಬೂರಾವ್ ಪಟೇಲರ 'ಫಿಲ್ಮ್ ಇಂಡಿಯಾ' ಪತ್ರಿಕೆಯ ಚಿತ್ರಗಳು, ಆಮೇಲೆ ಮನೆಮನೆಯ ಗೋಡೆಯ ಕ್ಯಾಲೆಂಡರ್ ದೇವರುಗಳು. ಕೊನೆಗೆ ಊರಿಗೇ ಮರಳಿ 1993ರಲ್ಲಿ ತೀರಿಕೊಂಡರು. ಈಗ ಅವರ ಹೆಸರಿನ ರಂಗಮಂದಿರ ನಗರದಲ್ಲಿದೆ. ಹುಡುಗಿ ಅಲ್ಲಿ ಕಾಲೇಜಿನ ಕಾರ್ಯಕ್ರಮಕ್ಕೆ ಹೋಗಿದ್ದಾಳೆ. ಪಂಡಿತರೆಂದರೆ ಯಾರೋ ಸಂಗೀತಗಾರರಿರಬೇಕು ಎಂದುಕೊಂಡಿದ್ದಳು. ನಾನು ಸಿಟ್ಟಾಗಲಿಲ್ಲ, ನನಗೂ ಅವಳ ವಯಸ್ಸಿನಲ್ಲಿ ಗೊತ್ತಿರಲಿಲ್ಲ.

ಆ ಕಾಲದ ಸಿನಿಮಾ ಪ್ರಚಾರದ ಕೆಲಸದಿಂದ ಕಲಿಯುವುದೊಂದಿದೆ. ಶೋಕಾರ್ಡು ಚಿತ್ರಮಂದಿರದ ಮೊಗಸಾಲೆಯಲ್ಲಿ ಇರುವಂಥದು, ಟಿಕೆಟ್ಟಿಗೆ ಕಾಯುವವನು ಎರಡು ಮಾರು ದೂರದಿಂದ ನಿಧಾನವಾಗಿ ನೋಡುತ್ತಾನೆ. ರಸ್ತೆಬದಿಯ ಹೋರ್ಡಿಂಗನ್ನು ಟಾಂಗಾದಲ್ಲಿ ಹೋಗುವವನು ನೋಡುತ್ತಾನೆ, ಕುದುರೆ ನಿಲ್ಲುವುದಿಲ್ಲ. ಸಿನಿಮಾ ಒಂದೇ, ನಾಯಕಿ ಒಬ್ಬಳೇ, ಆದರೆ ಒಂದರಲ್ಲಿ ಅವಳ ಕಿವಿಯ ಲೋಲಾಕನ್ನೂ ಬರೆಯಬಹುದು, ಇನ್ನೊಂದರಲ್ಲಿ ಕಣ್ಣು ಮತ್ತು ಹೆಸರು ಸಾಕು. ಯಾರು, ಎಷ್ಟು ದೂರದಿಂದ, ಎಷ್ಟು ಹೊತ್ತು ನೋಡುತ್ತಾರೆ ಎಂಬುದು ಮೊದಲು ತೀರ್ಮಾನವಾಗಬೇಕು. ಫೋನು ಮೋಸ ಮಾಡುವುದು ಇಲ್ಲೇ. ಅದು ಒಂದು ಗೇಣು ದೂರದಲ್ಲಿದೆ, ಶೋಕಾರ್ಡಿಗಿಂತ ಹತ್ತಿರ. ಆದರೆ ನೋಡುವವನು ಟಾಂಗಾದಲ್ಲಿದ್ದಾನೆ. ಹೆಬ್ಬೆರಳು ಆಗಲೇ ಮೇಲಕ್ಕೆ ತಳ್ಳುತ್ತಿದೆ.

ಬೀದಿನಾಯಿ, ಪ್ರಿನ್ಸಿಪಾಲರು ಬ್ಯಾನರಿನಿಂದ ಇಳಿದದ್ದು ಈ ಮಾತಿನ ಮೇಲೆ. ನಾಯಕಿಯೂ ಇಳಿದಳು. ಹೆಸರೊಂದೇ ಉಳಿಯಿತು.

ಹೆಸರೇ ಚಿತ್ರವಾಗಬೇಕು ಎಂಬ ಹಟ ಈಗ ಹುಡುಗಿಗೆ ಹತ್ತಿತು. ಅಮೆರಿಕದ ವಿಲ್ ಐಸ್ನರ್ 1940ರಿಂದ ಬರೆದ 'ದಿ ಸ್ಪಿರಿಟ್' ಚಿತ್ರಕಥೆಯನ್ನು ಎಲ್ಲೋ ನೋಡಿದ್ದಳು. ಅದರ ಮೊದಲ ಪುಟದಲ್ಲಿ ಕಥೆಯ ಹೆಸರು ವಾರವಾರಕ್ಕೂ ಬೇರೆ: ಒಮ್ಮೆ ಆ ಅಕ್ಷರಗಳೇ ಕಟ್ಟಡಗಳು, ಇನ್ನೊಮ್ಮೆ ಗಾಳಿಗೆ ಹಾರುವ ಕಾಗದದ ಚೂರುಗಳು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯದು ಇದಕ್ಕೆ ತದ್ವಿರುದ್ಧ ದಾರಿ. ಒಳಗೆ ರಾಮನಿರಲಿ, ತೆನಾಲಿ ರಾಮನಿರಲಿ, ಮುಖಪುಟದ ಮೇಲಿನ ಸರಣಿಯ ಹೆಸರು ವರ್ಷಗಟ್ಟಲೆ ಒಂದೇ ನಮೂನೆ. ಪುಸ್ತಕದಂಗಡಿಯಲ್ಲಿ ದೂರದಿಂದ ಗುರುತು ಸಿಗಬೇಕಾದವರಿಗೆ ಪೈಯವರ ದಾರಿಯೇ ಸರಿ. ಓದುಗ ಆಗಲೇ ಪುಟ ತೆರೆದಿದ್ದಾನೆ ಎಂಬ ಭರವಸೆ ಇದ್ದವರು ಐಸ್ನರ್‌ನಂತೆ ಆಟವಾಡಬಹುದು. ಎಂಟು ಕಂತಿನ ಹುಡುಗಿಗೆ ನಾನು ಪೈಯವರ ದಾರಿ ಹೇಳಿದೆ, ಅವಳು ಐಸ್ನರ್‌ನದು ಹಿಡಿದಳು. ವಯಸ್ಸು.

ಆದರೆ ಕನ್ನಡದ ಅಕ್ಷರಗಳು ಕಟ್ಟಡವಾಗಲು ಒಪ್ಪಲಿಲ್ಲ. ರೋಮನ್ ಅಕ್ಷರಗಳಿಗೆ ಕಿಟಕಿ ಬಾಗಿಲು ಕೊರೆದರೆ ಅಪಾರ್ಟ್‌ಮೆಂಟು ಆಗುತ್ತದೆ. ನಮ್ಮ ಜ, ಸ, ಲ ಬಳ್ಳಿಯಂತೆ ಸುತ್ತುವವು. ಎರಡು ದಿನ ಗುದ್ದಾಡಿ ಕೈಬಿಟ್ಟಳು. ಮೂರನೆಯ ದಿನ ಅವಳೇ ಕಂಡುಕೊಂಡದ್ದನ್ನು ನೋಡಿ ನಾನು ಬೆರಗಾದೆ. 'ಜಗತ್'ನ ನಡುವಿನ 'ಗ'ವನ್ನು ನೋಡಿ: ಎರಡು ಕಾಲು, ಮೇಲೆ ಬಾಗು. ಅದು ಕಮಾನು! ಕಲಬುರಗಿ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ನಡುವೆ ಬಯಲು ಅಂಗಳವಿಲ್ಲದೆ ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು ಹೊದಿಸಿದ್ದು ಅದರ ವಿಶೇಷ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಕಮಾನು. ಗಗಗಗ ಎಂದು ಯಾರೋ ಬರೆಯುತ್ತ ಹೋದಂತೆ. ಅವಳು 'ಗ'ವನ್ನು ಆ ಕಮಾನಿನ ಬಾಗಿನಲ್ಲಿ ಬರೆದು, ಅದರೊಳಗಿನ ಖಾಲಿಯಲ್ಲಿ ಬಿಸಿಲಿನ ಹಳದಿ ತುಂಬಿದ್ದಳು. ಅಷ್ಟೇ. ಗುಮ್ಮಟವಿಲ್ಲ, ಪಾರಿವಾಳವಿಲ್ಲ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ತನ್ನೂರನ್ನು ಬಿಡಬಾರದಲ್ಲ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಹುಮನಾಬಾದ್ ರಸ್ತೆಯಲ್ಲಿ ಹೋಗುವ ಬಸ್ಸುಗಳವರು ಕಿಟಕಿಯಿಂದ ಕೈ ಚಾಚಿ ಕೊಳ್ಳುವ ಹಣ್ಣು. 'ತ್'ನ ಕೊಕ್ಕೆಯ ಜಾಗದಲ್ಲಿ ಒಂದು ಕೆಂಪು ಬಾಳೆಹಣ್ಣು ಬರೆದಿದ್ದಳು, 'ಲ್'ನ ಕೊಕ್ಕೆಗೆ ಇನ್ನೊಂದು. ದೊಡ್ಡದಾಗಿ ನೋಡಿದರೆ ಮುದ್ದಾಗಿತ್ತು. ಫೋನಿನಲ್ಲಿ ಎರಡು ಕೆಂಪು ಇರುವೆ ಹತ್ತಿದಂತಿತ್ತು. ಮತ್ತೆ ಪೇಂಟರ್ ಕಾಕಾನ ಹತ್ತಿರ ಹೋದೆವು.

ಅವರು ಬಹಳ ಹೊತ್ತು ನೋಡಿದರು. 'ಗ'ವನ್ನು ಬೆರಳಿನಿಂದ ಮುಟ್ಟಿ "ಶಾಬಾಷ್" ಎಂದರು. ಬಾಳೆಹಣ್ಣು ನೋಡಿ "ಹಣ್ಣ ಕಂಡ್ರ ಅಕ್ಷರ ಕಾಣಂಗಿಲ್ಲ, ಅಕ್ಷರ ಕಂಡ್ರ ಹಣ್ಣ ಕಾಣಂಗಿಲ್ಲ. ಎರಡರಾಗ ಒಂದು ಹೇಳು" ಎಂದರು. ಆಮೇಲೆ ಓಣಿಯ ತುದಿಗೆ ಕೈ ತೋರಿಸಿದರು. ಅಲ್ಲಿ ಅವರದೇ ಕೈಯ ಹಳೆಯ ತಗಡಿನ ಬೋರ್ಡು ಇತ್ತು. ಬಣ್ಣ ಹಾರಿದ್ದರೂ ಓದಬಹುದಿತ್ತು. ಅದರ ವಿಳಾಸದ ಸಾಲಿನಲ್ಲಿ 'ಜಗತ್' ಇರಲಿಲ್ಲ. 'ಜಗತ' ಇತ್ತು.

ನಾನು ಹಣೆ ಚಚ್ಚಿಕೊಂಡೆ. ನಮ್ಮ ಕಡೆಯ ಬರಹದ ರೂಢಿಯೇ ಅದಲ್ಲವೇ! ಬೆಂಗಳೂರಿನವರು ಬೀದರ್ ಎಂದು ಕೊಕ್ಕೆ ಹಾಕಿ ಬರೆಯುತ್ತಾರೆ, ನಾವು ಬೀದರ ಎಂದು ಬರೆದು ಬೀದರ್ ಎಂದೇ ಓದುತ್ತೇವೆ. ಪಾಟೀಲ, ಹುಮನಾಬಾದ, ಆಳಂದ, ಎಲ್ಲವೂ ಹಾಗೆಯೇ. ಮರಾಠಿ, ಹಿಂದಿಗಳ ನೆರೆಯಲ್ಲಿ ಬೆಳೆದ ಕಣ್ಣಿಗೆ ಕೊನೆಯ ಅಕಾರವನ್ನು ನುಂಗಿ ಓದುವುದು ಅಭ್ಯಾಸ. ಬಸ್ಸಿನ ಬೋರ್ಡಿನ ಕನ್ನಡವೂ ಇದೇ. ಶುದ್ಧ ಬರಹದ ಪಂಡಿತರು ಇದನ್ನು ತಪ್ಪೆನ್ನುತ್ತಾರೆ, ಶಾಲೆಯಲ್ಲಿ ನಾನೂ ಇದಕ್ಕಾಗಿ ಏಟು ತಿಂದಿದ್ದೇನೆ. ಈಗ ಅದೇ ತಪ್ಪು ಬ್ಯಾನರಿನ ಎರಡೂ ಕೊಕ್ಕೆಗಳನ್ನು ಒಂದೇ ಏಟಿಗೆ ಕಿತ್ತು ಹಾಕಿತ್ತು.

'ಜಗತ ಸರ್ಕಲ'.

ಬರೆದು ನೋಡಿದಳು. ಕೆಳಗಿಳಿಯುವುದಿಲ್ಲ, ಮೇಲೇಳುವುದಿಲ್ಲ. ಅರ್ಕಾವೊತ್ತನ್ನು ಬಿಟ್ಟರೆ ಆರೂ ಅಕ್ಷರ ತಲೆಕಟ್ಟಿನಿಂದ ಪಾದದ ತನಕ ಒಂದೇ ಎತ್ತರ, ಪಟ್ಟಿಯ ತುಂಬ. ಬಲಕ್ಕೆ ಓಡುವ ಆತುರ ಹೋಗಿ ವೃತ್ತದ ಕಟ್ಟೆಯ ಮೇಲೆ ಕೂತ ಹುಡುಗರಂತೆ ಅಕ್ಷರಗಳು ಸಾಲಾಗಿ ಕೂತವು.

ಬಾಳೆಹಣ್ಣಿನ ವ್ಯಾಜ್ಯ ಮಾತ್ರ ಇನ್ನೊಂದು ವಾರ ನಡೆಯಿತು. ಕೊಕ್ಕೆಗಳು ಹೋದ ಮೇಲೆ ಹಣ್ಣಿಗೆ ಜಾಗವಿರಲಿಲ್ಲ. ಅರ್ಕಾವೊತ್ತಿನ ಬಾಲವನ್ನು ಬಾಳೆಹಣ್ಣು ಮಾಡಿ ತಂದಳು, ಓದಲು ಬರಲಿಲ್ಲ. ತೊಟ್ಟು ತೆಗೆದಳು, ಹಣ್ಣೂ ಅಲ್ಲ, ಅಕ್ಷರವೂ ಅಲ್ಲ. ಕೊನೆಗೆ ಆಕಾರವನ್ನು ಬಿಟ್ಟು ಬಣ್ಣವನ್ನು ಉಳಿಸಿಕೊಂಡಳು. ಬೇರೆಲ್ಲ ಅಕ್ಷರ ಕಪ್ಪು, ಅರ್ಕಾವೊತ್ತು ಒಂದು ಮಾತ್ರ ಕೆಂಪು, ಅದೂ ಕುಂಕುಮದ ಕೆಂಪಲ್ಲ, ಸಿಪ್ಪೆಯ ಆ ಮಬ್ಬು ಕೆಂಪು. ಕಮಲಾಪುರದವರಿಗೆ ಗೊತ್ತಾದರೆ ಗೊತ್ತಾಗಲಿ, ಬೇರೆಯವರಿಗೆ ಅದು ಬರೀ ಬಣ್ಣ.

ಕಳೆದ ವಾರ ಬ್ಯಾನರು ಹಾಕಿದಳು. ಮರುದಿನ ಬೆಳಗ್ಗೆ ಬಸ್ಸಿನಿಂದಲೇ ಫೋನು.

"ಮಾಮಾ, ಬೆಂಗಳೂರಿನವರು 'ಸರ್ಕಲಾ' ಅಂತ ಓದ್ಲಕತ್ತಾರ್ರಿ. ಯಾವ ಭಾಷಿ ಅಂತ ಕೇಳ್ಯಾರ."

"ನೀ ಏನಂದಿ?"

"ಬಂದು ಇಳೀರಿ, ತೋರಸ್ತೀನಿ ಅಂದೀನಿ."